ಶರಣಸಂಗ ಮತ್ತು ಶರೀರಸ್ವಾಸ್ಥ್ಯ

ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಬಂಧುಬಳಗದವರು, ನೆರೆಹೊರೆಯವರು, ಮಠದ ಸದ್ಭಕ್ತರು ಬಂದು ಯೋಗಕ್ಷೇಮ ವಿಚಾರಿಸುವುದು ನಮ್ಮ ಸಮಾಜದಲ್ಲಿ ತಲೆತಲಾಂತರದಿಂದ ನಡೆದುಬಂದ ರೂಢಿ. ಭದ್ರಾವತಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಒಬ್ಬ ರೋಗಿ ಬಂದರೆ ಆತನ ಹಿಂದೆ ನಾಲ್ವರು ಬರುತ್ತಾರೆ. ಒಬ್ಬರ ಕೈಯಲ್ಲಿ ಬುತ್ತಿ, ಇನ್ನೊಬ್ಬರ ಕೈಯಲ್ಲಿ ಹೊದಿಕೆ, ಮತ್ತೊಬ್ಬರ ಜೇಬಿನಲ್ಲಿ ಗುರುಗಳು ಕೊಟ್ಟ ವಿಭೂತಿ. ಹೀಗೆ ಬರುವುದರಿಂದ ರೋಗಿಯ ಮನಸ್ಸಿಗೆ ಸಮಾಧಾನವಾಗುವುದೆಂಬುದನ್ನು ಯಾರೂ ಅಲ್ಲಗಳೆಯರು. ಆದರೆ ಆತನ ದೇಹಕ್ಕೂ ಇದರಿಂದ ಪ್ರಯೋಜನವುಂಟೇ? ರಕ್ತದಲ್ಲಿ, ಗಾಯದಲ್ಲಿ, ಜ್ವರದಲ್ಲಿ ಅದು ಕಾಣಿಸುವುದೇ? ಕಳೆದ ಐವತ್ತು ವರ್ಷಗಳಲ್ಲಿ ವೈದ್ಯವಿಜ್ಞಾನಿಗಳು ಈ ಪ್ರಶ್ನೆಯನ್ನು ಬಹು ಎಚ್ಚರದಿಂದ ಪರೀಕ್ಷಿಸಿದ್ದಾರೆ. ಅವರು ಕಂಡುಕೊಂಡ ಸಂಗತಿಗಳಲ್ಲಿ ನಮ್ಮ ಕುಟುಂಬಗಳಿಗೆ ನೆಮ್ಮದಿ ಕೊಡುವಂಥವೂ ಇವೆ, ನಮ್ಮನ್ನು ಎಚ್ಚರಿಸುವಂಥವೂ ಇವೆ. ಎರಡನ್ನೂ ಓದುಗ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ದೇಹದ ಕಾವಲುಗಾರರು

ನಮ್ಮ ರಕ್ತದಲ್ಲಿರುವ ಬಿಳಿ ಕಣಗಳು ದೇಹದ ಕಾವಲುಗಾರರು. ಇವುಗಳಲ್ಲಿ ಹಲವು ಬಗೆ. ಹೊರಗಿನಿಂದ ಬಂದ ಕ್ರಿಮಿಯನ್ನು ಕಂಡೊಡನೆ ನುಂಗುವವು ಕೆಲವು. ಒಮ್ಮೆ ಬಂದ ಶತ್ರುವನ್ನು ನೆನಪಿಟ್ಟುಕೊಂಡು, ಅದು ಮತ್ತೆ ಬಂದಾಗ ಪ್ರತಿಕಾಯಗಳೆಂಬ ಅಸ್ತ್ರಗಳನ್ನು ಸಿದ್ಧಪಡಿಸುವವು ಇನ್ನು ಕೆಲವು. ಲಸಿಕೆ ಫಲಿಸುವುದು ಈ ನೆನಪಿನ ಬಲದಿಂದಲೇ.

ಈ ಕಾವಲುಪಡೆ ತನ್ನಷ್ಟಕ್ಕೆ ತಾನೇ ನಡೆಯುವುದೆಂದು ಬಹುಕಾಲ ಭಾವಿಸಲಾಗಿತ್ತು. ಹಾಗಲ್ಲವೆಂಬುದು ಈಗ ಸ್ಪಷ್ಟವಾಗಿದೆ. ಮೆದುಳಿನಿಂದ ಹೊರಟ ನರಗಳು ಗುಲ್ಮದವರೆಗೂ ದುಗ್ಧಗ್ರಂಥಿಗಳವರೆಗೂ ಹೋಗುತ್ತವೆ. ಭಯ, ಚಿಂತೆ, ದುಃಖಗಳು ಆವರಿಸಿದಾಗ ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಮೆದುಳಿನ ಆಜ್ಞೆಯಂತೆ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಅಲ್ಪಕಾಲದ ಸಂಕಟದಲ್ಲಿ ಇದು ಉಪಕಾರಿಯೇ. ಆದರೆ ಚಿಂತೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮುಂದುವರಿದರೆ ಎರಡು ಬಗೆಯ ಹಾನಿಯಾಗುತ್ತದೆ. ಒಂದು ಕಡೆ ಕ್ರಿಮಿಯನ್ನೆದುರಿಸುವ ಕಣಗಳ ಚುರುಕು ತಗ್ಗುತ್ತದೆ. ಇನ್ನೊಂದು ಕಡೆ ಆ ಕಣಗಳು ಕಾರ್ಟಿಸಾಲಿನ ಮಾತನ್ನು ಕೇಳದಂತಾಗಿ, ಆರಬೇಕಾದ ಉರಿಯೂತ ಆರದೆ ಒಳಗೊಳಗೇ ಉಳಿಯುತ್ತದೆ. ಕಾವಲುಗಾರನು ಕಳ್ಳನ ಮುಂದೆ ತೂಕಡಿಸಿ, ಮನೆಯವರ ಮೇಲೆ ದೊಣ್ಣೆಯೆತ್ತಿದಂತೆ ಇದು.

ಹನ್ನೆರಡು ಬಗೆಯ ನಂಟು

೧೯೯೭ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಶೆಲ್ಡನ್ ಕೋಹೆನ್ ಎಂಬ ಮನಶ್ಶಾಸ್ತ್ರಜ್ಞರೂ ಅವರ ಸಂಗಡಿಗರೂ ಒಂದು ವಿಶಿಷ್ಟ ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ೧೮ರಿಂದ ೫೫ ವರ್ಷದೊಳಗಿನ ೨೭೬ ಮಂದಿ ಆರೋಗ್ಯವಂತರು ತಾವಾಗಿಯೇ ಮುಂದೆ ಬಂದು ಇದರಲ್ಲಿ ಪಾಲ್ಗೊಂಡಿದ್ದರು. ಮೊದಲು ಪ್ರತಿಯೊಬ್ಬರ ನಂಟುಗಳನ್ನು ಎಣಿಸಲಾಯಿತು. ಪತಿ ಅಥವಾ ಪತ್ನಿ, ತಂದೆತಾಯಿ, ಅತ್ತೆಮಾವ, ಮಕ್ಕಳು, ಇತರ ನಿಕಟ ಬಂಧುಗಳು, ನೆರೆಯವರು, ಸ್ನೇಹಿತರು, ಸಹೋದ್ಯೋಗಿಗಳು, ಸಹಪಾಠಿಗಳು, ಸೇವಾಕಾರ್ಯದ ಸಂಗಾತಿಗಳು, ಸಂಘಸಂಸ್ಥೆಗಳ ಸದಸ್ಯರು, ಧಾರ್ಮಿಕ ಬಳಗದವರು - ಹೀಗೆ ಹನ್ನೆರಡು ಬಗೆ. ಎರಡು ವಾರಕ್ಕೊಮ್ಮೆಯಾದರೂ ಮುಖತಃ ಅಥವಾ ದೂರವಾಣಿಯಲ್ಲಿ ಮಾತುಕತೆ ನಡೆಯುತ್ತಿದ್ದರೆ ಮಾತ್ರ ಆ ನಂಟು ಲೆಕ್ಕಕ್ಕೆ ಬರುತ್ತಿತ್ತು. ಅನಂತರ ಎಲ್ಲರ ಮೂಗಿಗೂ ನೆಗಡಿಯ ವೈರಾಣುವಿದ್ದ ಹನಿಗಳನ್ನು ಬಿಟ್ಟು, ಅವರನ್ನು ಪ್ರತ್ಯೇಕವಾಗಿರಿಸಿ ಗಮನಿಸಲಾಯಿತು.

ಫಲಿತಾಂಶ ಆಲೋಚನೆಗೆ ಹಚ್ಚುವಂಥದು. ಆರು ಅಥವಾ ಹೆಚ್ಚು ಬಗೆಯ ನಂಟುಳ್ಳವರಿಗೆ ಹೋಲಿಸಿದರೆ, ಒಂದರಿಂದ ಮೂರು ಬಗೆಯ ನಂಟು ಮಾತ್ರ ಇದ್ದವರು ನೆಗಡಿ ಬೀಳುವ ಸಂಭವ ೪.೨ ಪಟ್ಟು ಅಧಿಕವಾಗಿತ್ತು. ಧೂಮಪಾನ, ನಿದ್ರೆ, ವ್ಯಾಯಾಮ ಮೊದಲಾದ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ನಂಟಿನ ಪ್ರಭಾವ ಉಳಿಯಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಮುಖ್ಯವಾದುದು ಎಷ್ಟು ಜನರ ಪರಿಚಯವಿದೆ ಎಂಬುದಲ್ಲ, ಎಷ್ಟು ಬಗೆಯ ಬಾಳಿನೊಡನೆ ನಮ್ಮ ಬಾಳು ಹೆಣೆದುಕೊಂಡಿದೆ ಎಂಬುದು. ಒಂದೇ ಬಗೆಯ ನೂರು ನೆಂಟರಿಗಿಂತ ಆರು ಬಗೆಯ ಹತ್ತು ಮಂದಿ ಮೇಲೆಂದಾಯಿತು.

ಇದನ್ನು ಓದಿದಾಗ ನಮಗೆ ಹನ್ನೆರಡನೆಯ ಶತಮಾನದ ಅನುಭವಮಂಟಪ ನೆನಪಿಗೆ ಬಂದಿತು. ದೋಣಿ ನಡೆಸುವವರು, ಬಟ್ಟೆ ಮಡಿ ಮಾಡುವವರು, ಬುಟ್ಟಿ ಹೆಣೆಯುವವರು, ಅರಮನೆಯ ಭಂಡಾರ ನೋಡುವವರು ಒಂದೇ ನೆಲದ ಮೇಲೆ ಕುಳಿತು ಮಾತನಾಡಿದ ಸಭೆ ಅದು. ಶರಣರು ರೋಗನಿರೋಧಕ ಶಕ್ತಿಯ ಶಾಸ್ತ್ರವನ್ನು ಅಂದೇ ಬರೆದಿದ್ದರೆಂದು ನಾವು ಹೇಳಹೊರಟಿಲ್ಲ. ಅಂಥ ಮಾತು ಶರಣರಿಗೂ ಶೋಭೆಯಲ್ಲ, ವಿಜ್ಞಾನಕ್ಕೂ ನ್ಯಾಯವಲ್ಲ. ಅವರ ಗುರಿ ಬೇರೆಯಾಗಿತ್ತು. ಆದರೆ ಅವರು ಕಟ್ಟಿದ ಜೀವನಕ್ರಮದಲ್ಲಿ ಮನುಷ್ಯನು ಒಂದೇ ಗೂಡಿನಲ್ಲಿ ಉಳಿಯದಂತೆ ನೋಡಿಕೊಳ್ಳುವ ಏರ್ಪಾಡಿತ್ತೆಂಬುದನ್ನು ನೆನೆಯಬಹುದು.

ಭದ್ರಾವತಿಯಲ್ಲಿ ಕಳಚಿದ ಕೊಂಡಿಗಳು

ಈ ಲೆಕ್ಕವನ್ನು ನಮ್ಮ ನೆಲಕ್ಕೆ ಅನ್ವಯಿಸಿ ನೋಡೋಣ. ಹಿಂದೆ ಬೆಂಕೀಪುರವೆಂದು ಕರೆಯಿಸಿಕೊಳ್ಳುತ್ತಿದ್ದ ಭದ್ರಾವತಿಯಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣ ಕಾರ್ಖಾನೆ ೧೯೧೮ರಲ್ಲಿ ತಲೆಯೆತ್ತಿ, ೧೯೨೩ರಲ್ಲಿ ಉತ್ಪಾದನೆ ಆರಂಭಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಅದಕ್ಕೆ ಮುಂದೆ ಸೇರಿತು. ೧೯೩೬ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಈ ಎರಡು ಕಾರ್ಖಾನೆಗಳು ಜನರಿಗೆ ಕೂಲಿಯನ್ನಷ್ಟೇ ಕೊಡಲಿಲ್ಲ. ಹಳ್ಳಿಯಿಂದ ಬಂದ ನಮ್ಮವರ ಪಕ್ಕದ ವಸತಿಗೃಹದಲ್ಲಿ ತಮಿಳು ಮಾತಿನ ಮನೆ, ತೆಲುಗು ಮಾತಿನ ಮನೆ, ಉರ್ದು ಮಾತಿನ ಮನೆ. ಪಾಳಿಯಲ್ಲಿ ಜೊತೆಗಾರರು, ಕಾರ್ಮಿಕ ಸಂಘದಲ್ಲಿ ಸಂಗಾತಿಗಳು, ಮಕ್ಕಳ ಶಾಲೆಯಲ್ಲಿ ಪರಿಚಯದವರು, ಹಬ್ಬಕ್ಕೆ ಎಳ್ಳುಬೆಲ್ಲ ಹಂಚಲು ನೆರೆಯವರು. ಕೋಹೆನ್ನರ ಪಟ್ಟಿಯನ್ನು ಹಿಡಿದು ಕೇಳಿದ್ದರೆ ಅಂದಿನ ಒಬ್ಬ ಸಾಧಾರಣ ಕಾರ್ಮಿಕನು ಎಂಟೊಂಬತ್ತು ಬಗೆಯ ನಂಟನ್ನು ಸುಲಭವಾಗಿ ಎಣಿಸಿಯಾನು.

೨೦೧೫ರಲ್ಲಿ ಕಾಗದ ಕಾರ್ಖಾನೆಯ ಉತ್ಪಾದನೆ ನಿಂತಿತು. ೨೦೨೩ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಪ್ರಕಟವಾದಾಗ ಕಾರ್ಮಿಕರು ದೀರ್ಘಕಾಲ ಧರಣಿ ಕುಳಿತರು. ಅದೇ ವರ್ಷ ಕೆಲಸ ಭಾಗಶಃ ಮರಳಿ ಆರಂಭವಾಯಿತು. ಕೆಲಸ ಹೋದಾಗ ಸಂಬಳ ಹೋಯಿತೆಂದು ಎಲ್ಲರೂ ಅರಿತರು. ಪಾಳಿಯ ಜೊತೆಗಾರರು ಹೋದರು, ವಸತಿಗೃಹದ ನೆರೆ ಹೋಯಿತು, ಸಂಜೆಯ ಕಟ್ಟೆಯ ಹರಟೆ ಹೋಯಿತೆಂಬುದನ್ನು ಯಾವ ಕಚೇರಿಯೂ ಲೆಕ್ಕಕ್ಕೆ ಬರೆದುಕೊಳ್ಳಲಿಲ್ಲ. ಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ನಡೆದ ಮೇಲೆ ವೃದ್ಧ ದಂಪತಿಗಳಿಗೆ ಉಳಿದಿರುವುದು ಪರಸ್ಪರ ಇಬ್ಬರು ಮತ್ತು ಒಂದು ಮೊಬೈಲ್. ಇಬ್ಬರಲ್ಲಿ ಒಬ್ಬರು ಲಿಂಗೈಕ್ಯರಾದರೆ ಉಳಿದವರ ಗತಿಯೇನು? ಒಂಬತ್ತು ಬಗೆಯ ನಂಟು ಎರಡಕ್ಕೆ ಇಳಿಯುವುದು ಹೀಗೆ, ಸದ್ದಿಲ್ಲದೆ.

ಆರೈಕೆ ಮಾಡುವವರ ದೇಹ

ನೆರವು ಕಡಿಮೆಯಾದಾಗ ಅದರ ಭಾರ ಎಲ್ಲಕ್ಕಿಂತ ಹೆಚ್ಚಾಗಿ ಬೀಳುವುದು ರೋಗಿಯನ್ನು ನೋಡಿಕೊಳ್ಳುವವರ ಮೇಲೆ. ನಮ್ಮ ಮನೆಗಳಲ್ಲಿ ಇವರು ಬಹುಮಟ್ಟಿಗೆ ಸೊಸೆ, ಮಗಳು ಅಥವಾ ಹೆಂಡತಿ.

ಅಮೆರಿಕದ ಓಹಾಯೊ ಪ್ರಾಂತದ ಜಾನಿಸ್ ಕೀಕೋಲ್ಟ್-ಗ್ಲೇಸರ್ ಎಂಬ ವಿದುಷಿಯೂ ಅವರ ಸಹೋದ್ಯೋಗಿಗಳೂ ೧೯೯೫ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಕಣ್ತೆರೆಸುವಂಥದು. ಮರೆವಿನ ರೋಗಕ್ಕೆ ತುತ್ತಾದ ಬಂಧುಗಳನ್ನು ಮನೆಯಲ್ಲಿ ನೋಡಿಕೊಳ್ಳುತ್ತಿದ್ದ ೧೩ ಮಂದಿ ಮಹಿಳೆಯರು, ಅದೇ ವಯಸ್ಸಿನ, ಅದೇ ಆದಾಯದ, ಆದರೆ ಅಂಥ ಹೊಣೆಯಿಲ್ಲದ ೧೩ ಮಂದಿ ಮಹಿಳೆಯರು ಇದರಲ್ಲಿದ್ದರು. ಎಲ್ಲರ ತೋಳಿನಲ್ಲಿಯೂ ೩.೫ ಮಿಲಿಮೀಟರಿನಷ್ಟು ಪುಟ್ಟ ಗಾಯ ಮಾಡಿ ಅದು ಮಾಯುವುದನ್ನು ಕಾದುನೋಡಿದರು. ಹೊಣೆಯಿಲ್ಲದವರ ಗಾಯ ಸರಾಸರಿ ೩೯ ದಿನಗಳಲ್ಲಿ ಮಾಯಿತು. ಆರೈಕೆಯ ಹೊಣೆ ಹೊತ್ತವರಿಗೆ ಸುಮಾರು ೪೯ ದಿನ ಬೇಕಾಯಿತು. ಮರುವರ್ಷ ಅದೇ ತಂಡವು ಆರೈಕೆಯ ಹೊಣೆಹೊತ್ತ ೩೨ ಮಂದಿಗೂ ಅಂಥ ಹೊಣೆಯಿಲ್ಲದ ೩೨ ಮಂದಿಗೂ ಫ್ಲೂ ಜ್ವರದ ಲಸಿಕೆ ಹಾಕಿ ನೋಡಿದಾಗ, ಹೊಣೆ ಹೊತ್ತವರ ದೇಹ ಲಸಿಕೆಗೆ ತೋರಿದ ಪ್ರತಿಕ್ರಿಯೆ ಕ್ಷೀಣವಾಗಿತ್ತು. ಅಧ್ಯಯನಕ್ಕೊಳಗಾದವರ ಸಂಖ್ಯೆ ಚಿಕ್ಕದಿರಬಹುದು. ಆದರೆ ಹೇಳಿದ ಮಾತು ದೊಡ್ಡದು. ಸೇವೆ ಮಾಡುವ ಕೈಯೂ ಸವೆಯುತ್ತದೆ.

ಕೆಲವು ವರ್ಷಗಳ ಹಿಂದೆ ಭದ್ರಾವತಿಯ ಒಂದು ಮನೆಗೆ ನಾವು ಹೋಗಿದ್ದೆವು. ಮನೆಯ ಹಿರಿಯ ತಾಯಿಗೆ ಪಾರ್ಶ್ವವಾಯು ತಗುಲಿ ಮೂರು ವರ್ಷವಾಗಿತ್ತು. ಬಂದವರು ತಾಯಿಯ ಬಳಿ ಕುಳಿತು, ಹಳೆಯ ದಿನಗಳನ್ನು ನೆನೆದು, ಸೊಸೆ ತಂದಿತ್ತ ಕಾಫಿ ಕುಡಿದು ಎದ್ದರು. ನಾವು ಹೊರಡುವಾಗ ಆಕೆ ಬಾಗಿಲವರೆಗೆ ಬಂದು, "ಶಾಸ್ತ್ರಿಗಳೇ, ಎಲ್ಲರೂ ಬರ್ತಾರೆ, ಅತ್ತೆಯವರನ್ನ ಮಾತಾಡಿಸ್ತಾರೆ, ಅದು ಅವರ ದೊಡ್ಡತನ. ಆದ್ರೆ ಬಂದವರಿಗೆಲ್ಲ ಕಾಫಿ ಮಾಡೋದೂ ನನಗೆ ಇನ್ನೊಂದು ಕೆಲಸ ಆಗಿದೆ. ಈ ಮೂರು ವರ್ಷದಲ್ಲಿ ನಿನಗೆ ನಿದ್ದೆ ಬರುತ್ತೇನಮ್ಮಾ ಅಂತ ಕೇಳಿದೋರು ಒಬ್ಬರೂ ಇಲ್ಲ," ಎಂದರು. ದೂರಿನ ದನಿ ಅದಾಗಿರಲಿಲ್ಲ, ಆಯಾಸದ ದನಿಯಾಗಿತ್ತು. ಹೊರಗಿನಿಂದ ನೋಡಿದವರಿಗೆ ಆ ಮನೆ ಸದಾ ಜನರಿಂದ ತುಂಬಿದ ಮನೆ. ಆದರೆ ಅಡುಗೆಮನೆಯಲ್ಲಿ ನಿಂತಿದ್ದಾಕೆ ಒಂಟಿಯಾಗಿದ್ದಳು.

ನಾವು ಈ ಲೇಖನದಲ್ಲಿ ಹೇಳಬೇಕೆಂದಿರುವ ಮುಖ್ಯ ಮಾತು ಇದೇ. ನಮ್ಮ ಸಮಾಜದಲ್ಲಿ ರೋಗಿಯನ್ನು ಕಾಣುವ ರೂಢಿ ಇದೆ; ರೋಗಿಯನ್ನು ನೋಡಿಕೊಳ್ಳುವವರನ್ನು ಕಾಣುವ ರೂಢಿ ಇಲ್ಲ. ದಾಸೋಹದ ಕೈ ಅಡುಗೆಮನೆಯವರೆಗೂ ಚಾಚಬೇಕಾಗಿದೆ.

ಹಾಗೆಂದು ಸೇವೆಯೇ ಹಾನಿಕರವೆಂದು ತಿಳಿಯಬಾರದು. ೨೦೦೩ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ೪೨೩ ವೃದ್ಧ ದಂಪತಿಗಳನ್ನು ಐದು ವರ್ಷ ಗಮನಿಸಿದಾಗ, ಇತರರಿಗೆ ನೆರವಾಗುತ್ತಿದ್ದವರಲ್ಲಿ ಸಾವಿನ ಪ್ರಮಾಣ ಕಡಿಮೆಯಿದ್ದುದು ಕಂಡುಬಂದಿತು. ಕೊಡುವುದು ಕೊಡುವವನಿಗೂ ಹಿತವೇ. ಒಬ್ಬರೇ, ಬಿಡುವಿಲ್ಲದೆ, ಕೊನೆ ಕಾಣದೆ ಹೊರುವಾಗ ಅದು ಭಾರವಾಗುತ್ತದೆ. ಹಂಚಿಕೊಂಡು ಹೊತ್ತಾಗ ಅದೇ ಕಾಯಕವಾಗುತ್ತದೆ.

ಏಕಾಂತ, ಒಂಟಿತನ ಮತ್ತು ಕಹಿ ನಂಟು

ಇಲ್ಲಿ ಎರಡು ಭೇದಗಳನ್ನು ತಿಳಿಯಬೇಕು. ಮೊದಲನೆಯದು, ಏಕಾಂತ ಬೇರೆ, ಒಂಟಿತನ ಬೇರೆ. ನಮ್ಮ ಜಿಲ್ಲೆಯ ಉಡುತಡಿಯಲ್ಲಿ ಹುಟ್ಟಿದ ಅಕ್ಕಮಹಾದೇವಿ ಮನೆಮಾರು ತೊರೆದು ಏಕಾಂಗಿಯಾಗಿ ನಡೆದವರು. ಆದರೆ ಕಲ್ಯಾಣದಲ್ಲಿ ಶರಣರು ಆಕೆಯನ್ನು ತಮ್ಮವಳೆಂದು ಬರಮಾಡಿಕೊಂಡರು. ವಯಸ್ಸಿನಲ್ಲಿ ಹಿರಿಯರಾದವರೂ ಆಕೆಯನ್ನು ಅಕ್ಕನೆಂದೇ ಕರೆದರು. ಲಿಂಗಪೂಜೆಯಲ್ಲಿ ಕಣ್ಣುಮುಚ್ಚಿ ಕುಳಿತವನು ಒಬ್ಬನೇ ಇರುತ್ತಾನೆ, ಆದರೆ ಒಂಟಿಯಲ್ಲ. ತುಂಬಿದ ಮನೆಯಲ್ಲಿ ತನ್ನನ್ನು ಕೇಳುವವರಿಲ್ಲವೆಂದು ಕೊರಗುವವನು ಒಂಟಿ. ದೇಹವನ್ನು ಕಾಡುವುದು ಈ ಎರಡನೆಯದು. ೨೦೨೫ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಆರು ಮಂದಿಗೆ ಒಬ್ಬರು ಈ ಒಂಟಿತನದಿಂದ ಬಳಲುತ್ತಿದ್ದಾರೆ.

ಎರಡನೆಯದು, ಎಲ್ಲ ನಂಟೂ ಹಿತಕರವಲ್ಲ. ಮೇಲೆ ಹೇಳಿದ ಓಹಾಯೊ ತಂಡವೇ ೨೦೦೫ರಲ್ಲಿ ೪೨ ದಂಪತಿಗಳನ್ನು ಪರೀಕ್ಷಿಸಿ, ಮಾತುಮಾತಿಗೂ ಹಗೆ ಸಾಧಿಸುವ ಜೋಡಿಗಳ ಗಾಯ ಮಾಯುವ ವೇಗವು ಸೌಮ್ಯ ಸ್ವಭಾವದ ಜೋಡಿಗಳ ವೇಗದ ಶೇಕಡ ೬೦ರಷ್ಟೇ ಇದ್ದುದನ್ನು ಕಂಡಿತು. ಒಂದೇ ಸೂರಿನಡಿ ಇದ್ದರೆ ಸಾಲದು. ಆ ಸೂರಿನಡಿ ನುಡಿ ಮೃದುವಾಗಿರಬೇಕು. ಕಾಯಿಲೆಯವರ ಹಾಸಿಗೆಯ ಪಕ್ಕ ಕುಳಿತು ಆಸ್ತಿಯ ಪಾಲಿನ ಮಾತೆತ್ತುವ ಬಂಧುಗಳು ಬಾರದಿದ್ದರೇ ಲೇಸು.

ಅಕ್ಕಿಬೇಳೆಯ ನೆರವು

ನೆರವೆಂದರೆ ಬರಿಯ ಮಾತಲ್ಲ. ಕ್ಷಯರೋಗವನ್ನು ತೆಗೆದುಕೊಳ್ಳಿ. ಕ್ಷಯದ ಕ್ರಿಮಿ ದೇಹದೊಳಗೆ ಸೇರಿದ ಎಲ್ಲರೂ ರೋಗಿಗಳಾಗುವುದಿಲ್ಲ. ದೇಹದ ಕಾವಲು ಕುಂದಿದಾಗ ಅದು ಎದ್ದು ನಿಲ್ಲುತ್ತದೆ. ಕಾವಲು ಕುಂದಲು ನಮ್ಮ ದೇಶದಲ್ಲಿ ದೊಡ್ಡ ಕಾರಣ ಅರೆಹೊಟ್ಟೆ. ಜಾರ್ಖಂಡ್ ರಾಜ್ಯದಲ್ಲಿ ಕ್ಷಯರೋಗಿಗಳ ಮನೆಯವರಾದ ೧೦,೩೪೫ ಮಂದಿಯ ಮೇಲೆ ನಡೆದು ೨೦೨೩ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ರೋಗಿಯ ಜೊತೆಗೆ ಮನೆಯವರಿಗೂ ಪ್ರತಿ ತಿಂಗಳು ಆಹಾರಧಾನ್ಯದ ಚೀಲ ಕೊಟ್ಟಾಗ, ಅವರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ಶೇಕಡ ೩೯ರಷ್ಟು ಕಡಿಮೆಯಾಯಿತು. ಔಷಧವಲ್ಲ, ಅಕ್ಕಿ ಬೇಳೆಗಳು ಮಾಡಿದ ಕೆಲಸವಿದು. ಕೇಂದ್ರ ಸರ್ಕಾರವು ೨೦೧೮ರಿಂದ ಕ್ಷಯರೋಗಿಗಳ ಪೋಷಣೆಗೆ ಧನಸಹಾಯ ನೀಡುತ್ತಿದೆ. ೨೦೨೪ರ ನವೆಂಬರಿನಿಂದ ಅದು ತಿಂಗಳಿಗೆ ೧,೦೦೦ ರೂಪಾಯಿಯಾಗಿದೆ. ೨೦೨೨ರಲ್ಲಿ ಆರಂಭವಾದ ನಿಕ್ಷಯ ಮಿತ್ರ ಯೋಜನೆಯಲ್ಲಿ ವ್ಯಕ್ತಿಗಳೂ ಸಂಘಸಂಸ್ಥೆಗಳೂ ರೋಗಿಗಳ ಆಹಾರದ ಹೊಣೆಯನ್ನು ವಹಿಸಿಕೊಳ್ಳಬಹುದು. ದಾಸೋಹವನ್ನು ಧರ್ಮವೆಂದು ನಂಬಿದ ನಮಗೆ ಇದಕ್ಕಿಂತ ನೇರವಾದ ಅವಕಾಶ ಬೇರೆ ಬೇಕೇ?

ಆದರೆ ನಮ್ಮಲ್ಲಿ ನಡೆಯುವುದೇನು? ಮನೆಯ ಹುಡುಗಿಗೆ ಕ್ಷಯವೆಂದು ಗೊತ್ತಾದರೆ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುತ್ತಾರೆ. ತಟ್ಟೆ ಲೋಟ ಬೇರೆ ಮಾಡುತ್ತಾರೆ. ಕ್ಷಯ ಹರಡುವುದು ಉಸಿರಿನ ಮೂಲಕವೇ ಹೊರತು ತಟ್ಟೆ ಲೋಟಗಳಿಂದಲ್ಲ. ತಕ್ಕ ಔಷಧ ಆರಂಭವಾದ ಮೇಲೆ ಹರಡುವ ಭಯವೂ ಬೇಗನೆ ಇಳಿಯುತ್ತದೆ. ಔಷಧವನ್ನು ತಿಂಗಳುಗಟ್ಟಲೆ ತಪ್ಪದೆ ನುಂಗಬೇಕಾದ ಆ ಕಾಲದಲ್ಲಿಯೇ ನಾವು ಆಕೆಯ ನಂಟುಗಳನ್ನೆಲ್ಲ ಕತ್ತರಿಸಿದರೆ, ರೋಗಕ್ಕೆ ನಾವೇ ಸಹಾಯ ಮಾಡಿದಂತಲ್ಲವೇ?

ಎಚ್ಚರಿಕೆಯ ಎರಡು ಮಾತು

ಬಂಧುಬಳಗ ಔಷಧಕ್ಕೆ ಬದಲಿಯಲ್ಲ. ೧೯೫೭ರಲ್ಲಿ ನಮ್ಮ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ ಇಂದಿಗೂ ಮಲೆನಾಡನ್ನು ಕಾಡುತ್ತಿದೆ. ಕಾಡಿನ ಉಣ್ಣಿ ಕಚ್ಚುವಾಗ ನಮಗೆಷ್ಟು ಮಂದಿ ಸ್ನೇಹಿತರೆಂದು ಕೇಳುವುದಿಲ್ಲ. ಜ್ವರ ಬಂದರೆ ವೈದ್ಯರ ಬಳಿಗೆ ಹೋಗಲೇಬೇಕು. ಆಸ್ಪತ್ರೆಗೆ ಕರೆದೊಯ್ಯುವವರು, ಮಾತ್ರೆಯ ಹೊತ್ತನ್ನು ನೆನಪಿಸುವವರು ಇದ್ದಾಗ ವೈದ್ಯವೂ ಚೆನ್ನಾಗಿ ಫಲಿಸುತ್ತದೆಂಬುದೇ ನಮ್ಮ ಮಾತು.

ಇನ್ನೊಂದು, ಕೆಮ್ಮು ನೆಗಡಿಗಳಿರುವಾಗ ರೋಗಿಯನ್ನು ನೋಡಲು ಹೋಗುವುದು ಉಪಕಾರವಲ್ಲ, ಅಪಕಾರ. ೨೦೨೦ರ ಕೊರೋನಾ ಕಾಲವು ಈ ಪಾಠವನ್ನು ಎಲ್ಲರಿಗೂ ಕಲಿಸಿದೆ. ಅಂಥ ವೇಳೆ ದೂರವಾಣಿಯಲ್ಲಿ ಮಾತನಾಡಿದರೂ ಅದು ನಂಟೇ. ಪಿಟ್ಸ್‌ಬರ್ಗಿನ ಲೆಕ್ಕದಲ್ಲಿಯೂ ಅದಕ್ಕೆ ಸ್ಥಾನವಿತ್ತು.

ನಾವು ಮಾಡಬಹುದಾದುದು

ಶಿವಮೊಗ್ಗ, ಭದ್ರಾವತಿಗಳ ನಡುವೆ ಇಪ್ಪತ್ತು ಕಿಲೋಮೀಟರಿನಷ್ಟು ಅಂತರ. ಎರಡೂ ಊರುಗಳಲ್ಲಿ ಶಿವಾನುಭವ ಗೋಷ್ಠಿಗಳು, ಅಕ್ಕನ ಬಳಗಗಳು, ಭಜನಾ ಮಂಡಳಿಗಳು ನಡೆಯುತ್ತಿವೆ. ಹೊಸ ಸಂಸ್ಥೆ ಕಟ್ಟುವುದು ಬೇಡ. ಇರುವ ಬಳಗಗಳು ಮೂರು ಕೆಲಸಗಳನ್ನು ಕೈಗೆತ್ತಿಕೊಂಡರೆ ಸಾಕು.

ಮೊದಲನೆಯದು, ತಮ್ಮ ಕೇರಿಯಲ್ಲಿ ಹಾಸಿಗೆ ಹಿಡಿದವರಿರುವ ಮನೆಗಳನ್ನು ಗುರುತಿಸಿ, ವಾರಕ್ಕೊಮ್ಮೆ ಎರಡು ಗಂಟೆ ಒಬ್ಬರು ಹೋಗಿ ರೋಗಿಯ ಬಳಿ ಕುಳಿತುಕೊಳ್ಳುವುದು. ಆ ಎರಡು ಗಂಟೆ ಮನೆಯಾಕೆ ಮಲಗಲಿ, ತವರಿಗೆ ಹೋಗಿಬರಲಿ, ಗೋಷ್ಠಿಗೆ ಬರಲಿ. ಅದು ಆಕೆಯ ಇಚ್ಛೆ. ಹೋಗುವವರು ಕಾಫಿಯನ್ನು ನಿರೀಕ್ಷಿಸದೆ, ಸಾಧ್ಯವಾದರೆ ತಾವೇ ಒಂದು ಹೊತ್ತಿನ ರೊಟ್ಟಿ ಪಲ್ಯ ಕೊಂಡೊಯ್ಯಲಿ.

ಎರಡನೆಯದು, ಕೆಲಸದಿಂದ ನಿವೃತ್ತರಾದವರಿಗೆ, ಕಾರ್ಖಾನೆಯ ಕೆಲಸ ಕಳೆದುಕೊಂಡವರಿಗೆ ಕಾಯಕವೊಂದನ್ನು ಒಪ್ಪಿಸುವುದು. ಯಂತ್ರದ ಕೆಲಸ ಬಲ್ಲವರು ವಿದ್ಯಾರ್ಥಿನಿಲಯದ ಪಂಪು, ವಿದ್ಯುತ್ ತಂತಿಗಳನ್ನು ನೋಡಿಕೊಳ್ಳಬಹುದು. ಲೆಕ್ಕ ಬಲ್ಲವರು ಮಕ್ಕಳಿಗೆ ಸಂಜೆ ಪಾಠ ಹೇಳಬಹುದು. ನಿನ್ನಿಂದ ನಮಗೆ ಉಪಯೋಗವಿದೆ ಎಂಬ ಮಾತು ಕನಿಕರದ ನೂರು ಮಾತುಗಳಿಗಿಂತ ಮಿಗಿಲು.

ಮೂರನೆಯದು, ಪ್ರತಿಯೊಂದು ಬಳಗವೂ ಕನಿಷ್ಠ ಒಬ್ಬ ಕ್ಷಯರೋಗಿಯ ಕುಟುಂಬದ ಆಹಾರದ ಹೊಣೆಯನ್ನು ಚಿಕಿತ್ಸೆ ಮುಗಿಯುವವರೆಗೆ ವಹಿಸಿಕೊಳ್ಳುವುದು. ಜಾತಿ ಮತ ಕೇಳದೆ, ಹೆಸರು ಸಾರದೆ.

ಈ ಸಂಚಿಕೆ ಕೈಗೆ ಬಂದ ತಿಂಗಳಿನಲ್ಲಿಯೇ ಓದುಗರು ಅಂಥ ಒಂದು ಮನೆಗೆ ಹೋಗಿ, ರೋಗಿಯನ್ನು ಮಾತನಾಡಿಸಿದ ಬಳಿಕ ಅಡುಗೆಮನೆಯ ಬಾಗಿಲಲ್ಲಿ ನಿಂತು, "ತಾಯೀ, ನೀನು ಹೇಗಿದ್ದೀಯೆ?" ಎಂದು ಕೇಳಲಿ, ಉತ್ತರವನ್ನು ಕೇಳುವಷ್ಟು ಹೊತ್ತು ಅಲ್ಲಿ ನಿಲ್ಲಲಿ ಎಂದು ಪ್ರಾರ್ಥಿಸುತ್ತೇವೆ.